ಟಚಿಂಗ್ ಮಾಮ ಮಾನಿಟರ್ ಆರಿಸಿದ್ದು

ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದವರು ಯಜಮಾನರು. ಆದರೆ ಜನ ಮೆಟ್ಟಿಲು ಹತ್ತಿ ಬರುತ್ತಿದ್ದದ್ದು, ತೆಗೆದ ಫೋಟೋ ತಿದ್ದಿ ಚೆಂದ ಮಾಡುವ ಟಚಿಂಗ್ ಮಾಮನ ಕೈಗಾಗಿ. ಔಷಧಿ ಅಂಗಡಿಯ ಮೇಲಿನ ಮಹಡಿ ಅದು. ಮೆಟ್ಟಿಲ ಪಕ್ಕದ ಗೋಡೆಯುದ್ದಕ್ಕೂ ಮದುಮಕ್ಕಳು, ಹಲ್ಲು ಬಾರದ ಕೂಸುಗಳು, ಪದವಿಯ ಕರಿ ಗೌನು ತೊಟ್ಟ ಹುಡುಗಿಯರು ಸಾಲಾಗಿ ನಗುತ್ತಿದ್ದರು. ಯಾರ ಮುಖ ನೋಡಿದರೂ ಒಂದೇ ಬಗೆಯ ತಣ್ಣನೆಯ ಬಿಳುಪು, ಬೆಳದಿಂಗಳಲ್ಲಿ ನಿಲ್ಲಿಸಿ ತೆಗೆದ ಹಾಗೆ. ಸುತ್ತಲಿನವರು ಅದಕ್ಕೆ "ಮಾಮನ ಹಾಲ್ಬಣ್ಣ" ಎಂದು ಹೆಸರಿಟ್ಟಿದ್ದರು. ಹೆಣ್ಣು ನೋಡಲು ಕಳಿಸುವ ಫೋಟೋ ಆಗಲಿ, ಮದುವೆಯ ಆಲ್ಬಂ ಆಗಲಿ, "ಹಾಲ್ಬಣ್ಣದಲ್ಲೇ ಆಗ್ಲಿ" ಎಂದು ಹೇಳಿ ಹೋಗುತ್ತಿದ್ದರು.

ಮಾಮ ಅಲ್ಲಿ ಯಾರಿಗೂ ಮಾವನಲ್ಲ. ಯಜಮಾನರ ಮಗ ಮಾತು ಕಲಿಯುವ ವಯಸ್ಸಿನಲ್ಲಿ ಅವನ ತೊಡೆಯ ಮೇಲೆ ಕೂತು ಮಾಮ ಎಂದದ್ದೇ ನೆಪ, ಅಪ್ಪನೂ ಹಾಗೇ ಕರೆದರು, ಗಿರಾಕಿಗಳೂ ಕರೆದರು, ಕೊನೆಗೆ ಕೆಳಗಿನ ಔಷಧಿ ಅಂಗಡಿಯ ಹಲ್ಲಿಲ್ಲದ ಮುದುಕರೂ ಅವನನ್ನು ಮಾಮ ಎನ್ನತೊಡಗಿದರು. ಹೆಂಡತಿ ಮಾತ್ರ ಸಿಟ್ಟು ಬಂದಾಗಷ್ಟೇ ಆ ಹೆಸರು ಎತ್ತುತ್ತಿದ್ದಳು: "ನಿಮ್ಮ ಟಚಿಂಗ್ ಮಾಮನ ಗತ್ತೆಲ್ಲ ಸ್ಟುಡಿಯೋದಲ್ಲೇ ಬಿಟ್ಟು ಬನ್ನಿ."

ಗತ್ತು ಎನ್ನುವಂಥದ್ದೇನೂ ಅವನಲ್ಲಿ ಇರಲಿಲ್ಲ. ಕೆಲಸಕ್ಕೆ ಸೇರಿದ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚುತ್ತಿದ್ದ. ಕಪ್ಪು-ಬಿಳುಪಿನ ಹಿರಿಯರಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದ. ಕಂಪ್ಯೂಟರ್ ಬಂದಾಗ ಅವನ ಜೊತೆಯವರು "ಇದು ನಮ್ಮಿಂದಾಗೋ ಕೆಲಸ ಅಲ್ಲ" ಎಂದು ಕೈಚೆಲ್ಲಿದರು. ಮಾಮ ಕುಂಚ ಕೆಳಗಿಟ್ಟು ಮೌಸ್ ಹಿಡಿದ. ಮೊದಲಿಗೆ ಬಾಣದ ಗುರುತು ಪರದೆಯ ತುಂಬ ಸಿಕ್ಕಾಪಟ್ಟೆ ಓಡಾಡಿ ಅವನನ್ನು ಗೋಳುಹೊಯ್ದುಕೊಂಡಿತ್ತು. ಆಮೇಲಾಮೇಲೆ ಅದೂ ಕೈಗೆ ಹತ್ತಿತು. ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಕೂದಲೆಳೆ ಬಿಡಿಸುವ ತಾಳ್ಮೆ ಅವನದು.

ಹಾಲ್ಬಣ್ಣ ಎಂಬುದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಮಾಮನಿಗಂತೂ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಯಾರಾದರೂ ಹೊಗಳಿದರೆ ನಾಚಿಕೊಂಡು, "ಇರೋದನ್ನ ಇರೋ ಹಾಗೆ ಮಾಡ್ತೀನಪ್ಪ, ಅಷ್ಟೇ" ಎನ್ನುತ್ತಿದ್ದ. ಅವನ ಪ್ರಕಾರ ಇತ್ತೀಚಿನ ಕ್ಯಾಮೆರಾಗಳೆಲ್ಲ ಕೆಟ್ಟವು, ಮನುಷ್ಯರನ್ನು ಕಾಮಾಲೆ ಹಿಡಿದವರಂತೆ ತೋರಿಸುತ್ತವೆ. ಆ ಹಳದಿಯನ್ನು ಹಿಂಡಿ ತೆಗೆದರೆ ಮುಖ ಮುಖದಂತಾಗುತ್ತದೆ. ಅವನು ಮಾಡುತ್ತಿದ್ದದ್ದು ಅದೊಂದೇ.

ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಅವಳಿಗೆ ಬೇಕಾದ ದಾರದ ಉಂಡೆ ತರುವ ಕೆಲಸ ಮೊದಲಿನಿಂದಲೂ ಮಾಮನದು. ಈಚೆಗೆ ಅದರಲ್ಲಿ ಎಡವಟ್ಟಾಗುತ್ತಿತ್ತು. ಕಪ್ಪು ಹೇಳಿದರೆ ಕಡುನೀಲಿ ಬರುತ್ತಿತ್ತು, ಬಿಳಿ ಹೇಳಿದರೆ ಕೆನೆ ಬಣ್ಣ. "ಎಲ್ಲೆಲ್ಲೋ ಮನಸ್ಸಿಟ್ಕೊಂಡು ಅಂಗಡಿಗೆ ಹೋಗ್ತೀರಿ" ಎಂದು ಅವಳು ಗೊಣಗುತ್ತಿದ್ದಳು. ಬಲಗಣ್ಣು ಮಂಜಾಗಿ, ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುವ ಹಾಗಾದಾಗ ಅವಳೇ ಅವನ ತೋಳು ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಎರಡೂ ಕಣ್ಣಲ್ಲಿ ಪೊರೆ ಇದೆ" ಎಂದರು ಡಾಕ್ಟರಮ್ಮ. "ಬಲಗಡೆದು ಬಲಿತಿದೆ. ಮೊದಲು ಅದನ್ನ ತೆಗೆಯೋಣ. ಎಡಗಡೆದು ಸ್ವಲ್ಪ ಆಮೇಲೆ."

ಆಪರೇಶನ್ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವನು ಹೊಸಿಲಲ್ಲೇ ನಿಂತುಬಿಟ್ಟ.

"ಗೋಡೆಗೆ ಯಾವಾಗ ಬಣ್ಣ ಹೊಡೆಸಿದೆ?"

"ಯಾವ ಬಣ್ಣ? ನಾವು ಈ ಮನೆಗೆ ಬಂದಾಗಿಂದ ಅದೇ ಗೋಡೆ, ಅದೇ ಬಣ್ಣ."

ಅವನು ಬಚ್ಚಲಿಗೆ ಹೋದ. ಬಕೆಟ್ಟಿನ ನೀಲಿ ಕಣ್ಣಿಗೆ ಕುಟುಕಿತು. ಹಗ್ಗದ ಮೇಲೆ ಒಣಹಾಕಿದ್ದ ಟವಲು, ಕಿಟಕಿಯಾಚೆಯ ಆಕಾಶ, ತನ್ನದೇ ಅಂಗಿಯ ಗುಂಡಿ, ಎಲ್ಲವೂ ತೊಳೆದಿಟ್ಟಂತೆ ಕಂಡವು. ಹೊರಗೆ ಬಂದು ಹೆಂಡತಿಯ ಮುಖವನ್ನು ದಿಟ್ಟಿಸಿ ನೋಡಿ, "ನಿನಗೆ ಇಷ್ಟೊಂದು ನರೆ ಯಾವಾಗ ಬಂತೇ?" ಎಂದ.

"ಆ ಡಾಕ್ಟರಮ್ಮನಿಗೆ ಪೊರೆ ವಾಪಸ್ ಹಾಕಕ್ಕೆ ಬರುತ್ತಾ ಕೇಳ್ತೀನಿ ಇರಿ" ಎಂದಳು ಅವಳು. ಇಬ್ಬರೂ ನಕ್ಕರು. ಅಂಥ ನಗು ಆ ಮನೆಯಲ್ಲಿ ಬಹಳ ದಿನದಿಂದ ಕೇಳಿರಲಿಲ್ಲ.

ರಜೆ ಮುಗಿಸಿ ಸ್ಟುಡಿಯೋಕ್ಕೆ ಹೋದ ದಿನ ಮಾಮ ಮೆಟ್ಟಿಲ ಮೇಲೆಯೇ ಫೋಟೋಗಳತ್ತ ಬಗ್ಗಿ ನೋಡಿದ. ಗೋಡೆಯ ಮೇಲಿನ ಮದುಮಕ್ಕಳಿಗೆಲ್ಲ ತುಟಿ ನೀಲಿಗಟ್ಟಿದೆ! ಕೂಸುಗಳ ಕೆನ್ನೆ ತಣ್ಣೀರಲ್ಲಿ ಅದ್ದಿ ತೆಗೆದಂತಿದೆ. ಅವನು ಎಡಗಣ್ಣನ್ನು ಉಜ್ಜಿಕೊಂಡ, ಬಲಗಣ್ಣಿಗೆ ಔಷಧಿಯ ಹನಿ ಬಿಟ್ಟುಕೊಂಡ. ಮೇಲೆ ಹೋಗಿ ಕಂಪ್ಯೂಟರ್ ಹಚ್ಚಿದ. ತಾನು ರಜೆಗೆ ಮುಂಚೆ ಮುಗಿಸಿಟ್ಟಿದ್ದ ಒಂದು ಆಲ್ಬಂ ತೆರೆದು ನೋಡಿದರೆ ಅಲ್ಲೂ ಅದೇ ಗತಿ. ಮದುವೆಮನೆ ತುಂಬ ಚಳಿಗೆ ಮರಗಟ್ಟಿದ ಜನ.

"ಯಜಮಾನ್ರೇ, ಮಾನಿಟರ್ ಕೆಟ್ಟುಹೋಗಿದೆ. ಎಲ್ಲ ನೀಲಿ ತೋರಿಸ್ತಿದೆ. ಪ್ರಿಂಟೂ ಹಾಗೇ ಬಂದುಬಿಟ್ಟಿದೆ."

ಯಜಮಾನರು ಬಂದು ಬಗ್ಗಿ ನೋಡಿದರು. ಅವರಿಗೆ ಎಂದಿನಂತೆಯೇ ಕಂಡಿತು. ಆದರೆ ಮಾಮ ಹೇಳಿದ ಮೇಲೆ ಬಣ್ಣದ ವಿಷಯದಲ್ಲಿ ಎರಡನೇ ಮಾತಿರಲಿಲ್ಲ. "ಹಳೇದೂ ಆಯ್ತು ಬಿಡಿ. ಹೊಸದು ತರೋಣ. ಯಾವುದು ಬೇಕೋ ನೀವೇ ಹೋಗಿ ಆರಿಸ್ಕೊಂಡು ಬನ್ನಿ. ನಿಮ್ಮ ಕಣ್ಣಿಗೆ ಒಪ್ಪಿದ್ದೇ ಆಗಬೇಕು."

ಮಾಮ ಪೆನ್ ಡ್ರೈವಿನಲ್ಲಿ ಹೆಂಡತಿಯ ಎರಡು ಫೋಟೋ ಹಾಕಿಕೊಂಡ. ಅವಳೇ ಹೆಣೆದುಕೊಂಡಿದ್ದ ದಾಳಿಂಬೆ ಬಣ್ಣದ ಸ್ವೆಟರ್ ತೊಟ್ಟು ಸ್ಟುಡಿಯೋದಲ್ಲಿ ತೆಗೆಸಿಕೊಂಡದ್ದು. ಒಂದು ಕ್ಯಾಮೆರಾದಿಂದ ಬಂದ ಹಾಗೇ ಇದ್ದದ್ದು, ಇನ್ನೊಂದು ಅವನು ಆಪರೇಶನ್ನಿಗೆ ಮುಂಚೆ ಟಚಿಂಗ್ ಮಾಡಿದ್ದು. ಅದೇ ಸ್ವೆಟರ್ ತೊಡಿಸಿ ಹೆಂಡತಿಯನ್ನೂ ಅಂಗಡಿಗೆ ಕರೆದುಕೊಂಡು ಹೋದ. ಪರದೆಯೊಳಗಿನವಳನ್ನೂ ಹೊರಗಿನವಳನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಯಾವ ಮಾನಿಟರ್ ಸುಳ್ಳು ಹೇಳುತ್ತದೆಂದು ತಿಳಿದುಹೋಗುತ್ತದಲ್ಲ!

ಅಂಗಡಿಯ ಒಂದು ಇಡೀ ಗೋಡೆ ಮಾನಿಟರ್‌ಗಳಿಂದ ತುಂಬಿತ್ತು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಕೊಂಬೆಯಿಂದ ಹಾರುತ್ತಿತ್ತು. ಒಂದರಲ್ಲಿ ಎಳೆಹಸಿರು, ಪಕ್ಕದ್ದರಲ್ಲಿ ಪಾಚಿ ಹಸಿರು, ಮೂಲೆಯದರಲ್ಲಿ ಹಸಿರೋ ನೀಲಿಯೋ ಹೇಳಲಾಗದ ಬಣ್ಣ. ಅಂಗಡಿಯ ಹುಡುಗಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಗುತ್ತ ಬಂದಳು.

"ಹೇಳಿ ಸರ್. ಗೇಮ್ ಆಡಕ್ಕಾ, ಆಫೀಸಿಗಾ?"

"ಫೋಟೋ ಟಚಿಂಗಿಗಮ್ಮ."

"ಹಾಗಾದ್ರೆ ಬಾಗಿರೋದು ಬೇಡ, ಕನ್ನಡಿ ಥರ ಮಿಂಚೋದೂ ಬೇಡ. ಈ ಸಾಲಿನವು ನೋಡಿ. ಪಕ್ಕದಿಂದ ನೋಡಿದ್ರೂ ಬಣ್ಣ ಬದಲಾಗಲ್ಲ."

"ಯಾವುದ್ರಲ್ಲಿ ಬಣ್ಣ ನಿಜ?"

"ಎಲ್ಲದರಲ್ಲೂ ನಿಜ ಸರ್."

"ಎಲ್ಲ ನಿಜ ಆದ್ರೆ ಗಿಳಿ ಯಾಕಮ್ಮ ಒಂದೊಂದ್ರಲ್ಲಿ ಒಂದೊಂದು ಥರ ಇದೆ?"

ಹುಡುಗಿ ಗಿಳಿಗಳತ್ತ ನೋಡಿದಳು. ದಿನವಿಡೀ ಅವುಗಳ ನಡುವೆಯೇ ನಿಲ್ಲುವ ಅವಳಿಗೆ ಅದು ಮೊದಲ ಸಲ ಕಂಡಂತಿತ್ತು. "ಸೆಟ್ಟಿಂಗ್ ಸರ್" ಎಂದಳು. "ನೀವು ಯಾವುದು ತಗೊಂಡ್ರೂ ಪರದೆ ಮೇಲೆ ಒಂದು ಯಂತ್ರ ಇಟ್ಟು ಬಣ್ಣ ಅಳೆದು ಸರಿ ಮಾಡಿಕೊಡ್ತೀವಿ. ಕ್ಯಾಲಿಬ್ರೇಶನ್ ಅಂತಾರೆ."

ಮಾಮ ಪೆನ್ ಡ್ರೈವ್ ಕೊಟ್ಟ. ಹುಡುಗಿ ಟಚಿಂಗ್ ಆಗಿದ್ದ ಫೋಟೋವನ್ನೇ ಮೊದಲು ತೆರೆದಳು. ಗಿಳಿ ಹೋಗಿ, ಗೋಡೆಯ ತುಂಬ ಅವನ ಹೆಂಡತಿ ಬಂದು ಕೂತಳು. ಹುಡುಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ಪಕ್ಕದಲ್ಲಿ ನಿಂತಿದ್ದವಳನ್ನು ನೋಡಿದಳು.

"ಅಮ್ಮನ ಫೋಟೋನ ಫ್ರಿಜ್ ಒಳಗಡೆ ತೆಗೆದ್ರಾ ಸರ್?"

ಅವಳಿಗೆ ತಮಾಷೆ ಮಾಡುವುದಷ್ಟೇ ಇತ್ತು. ಮಾಮನ ಮುಖ ಸಪ್ಪಗಾಯಿತು. ಅಷ್ಟೂ ಮಾನಿಟರ್‌ಗಳಲ್ಲಿ ನೀಲಿ ಇತ್ತು, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಅಷ್ಟೂ ಒಟ್ಟಿಗೆ ಕೆಡಲು ಸಾಧ್ಯವೆ?

"ನೀನು ಇಲ್ಲಿ ನಿಂತ್ಕೋ" ಎಂದು ಹೆಂಡತಿಯನ್ನು ಒಂದು ಪರದೆಯ ಪಕ್ಕಕ್ಕೆ ತಳ್ಳಿದ. ಬಲಗಣ್ಣು ಮುಚ್ಚಿ ನೋಡಿದ. ಪರದೆಯವಳು ಸರಿಯಾಗಿದ್ದಳು, ಅವನು ಮಾಡಿದ ಹಾಗೇ. ಪಕ್ಕದಲ್ಲಿ ನಿಂತ ಹೆಂಡತಿಯೇ ಹಳದಿಯಾಗಿ, ಜ್ವರದಿಂದ ಎದ್ದವಳಂತಿದ್ದಳು. ಎಡಗಣ್ಣು ಮುಚ್ಚಿದ. ಹೆಂಡತಿ ಕೆಂಪುಕೆಂಪಾಗಿ ಜೀವಂತ ನಿಂತಿದ್ದಳು, ಪರದೆಯವಳು ಹೆಣದಂತಿದ್ದಳು. ಮತ್ತೆ ಬಲ, ಮತ್ತೆ ಎಡ. ಕೀಬೋರ್ಡ್ ಕೊಳ್ಳಲು ಬಂದಿದ್ದವರೊಬ್ಬರು ಈ ಕಣ್ಣುಮಿಟುಕಿಸಾಟ ನೋಡಿ ಮೆಲ್ಲಗೆ ದೂರ ಸರಿದರು.

"ಏನ್ರೀ ಇದು, ನಾಲ್ಕು ಜನರ ಮುಂದೆ ಕಣ್ಣು ಹೊಡೀತೀರಾ?" ಹೆಂಡತಿ ಪಿಸುಗುಟ್ಟಿದಳು.

"ಏ, ತಮಾಷೆ ಅಲ್ಲ ಕಣೆ. ಒಂದು ಕಣ್ಣಲ್ಲಿ ಒಬ್ಬಳು, ಇನ್ನೊಂದರಲ್ಲಿ ಇನ್ನೊಬ್ಬಳು ಕಾಣ್ತಾಳೆ. ಇದರಲ್ಲಿ ನೀನು ಯಾರು?"

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವನ ದನಿಯಲ್ಲಿ ಏನೋ ಇತ್ತು. ಮೆತ್ತಗೆ ಕೇಳಿದಳು: "ನೀಲಿಯಾಗಿ ಕಾಣೋದು ಯಾವ ಕಣ್ಣಿಗೆ?"

"ಆಪರೇಶನ್ ಆಗಿರೋದಕ್ಕೆ."

"ಅಂದ್ರೆ ಸರಿ ಇರೋದಕ್ಕೆ."

ಮಾಮ ಅಲ್ಲಿದ್ದ ಎತ್ತರದ ಸ್ಟೂಲಿನ ಮೇಲೆ ಕುಸಿದು ಕೂತ. ದಾರದ ಉಂಡೆಗಳು, ಕೆಟ್ಟ ಕ್ಯಾಮೆರಾಗಳು, ಕಾಮಾಲೆ ಹಿಡಿದ ಜನ, ಎಲ್ಲ ಒಂದರ ಹಿಂದೊಂದು ತಲೆಯೊಳಗೆ ಸಾಲುಗಟ್ಟಿದವು. ಮುಂದೊಂದು ದಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಪೊರೆ ಬರೀ ಮಂಜಲ್ಲ, ಹಳದಿ ಗಾಜಿನ ಹಾಗೆ, ವರ್ಷ ವರ್ಷ ಒಂದೊಂದು ಪದರ ಏರುತ್ತ ಹೋಗುತ್ತದೆ, ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಅಂಗಡಿಯಲ್ಲಿ ಕೂತಿದ್ದ ಮಾಮನಿಗೆ ಡಾಕ್ಟರು ಬೇಕಿರಲಿಲ್ಲ. ಹಳದಿ ಇದ್ದದ್ದು ಫೋಟೋದಲ್ಲಲ್ಲ, ತನ್ನ ಕಣ್ಣಲ್ಲಿ. ಅದನ್ನು ಹಿಂಡಿ ತೆಗೆಯುತ್ತೇನೆಂದು ಊರ ಜನರ ಮುಖದಿಂದ ರಕ್ತ ಹಿಂಡಿದ್ದಾಯಿತು.

"ಯಾವುದು ತಗೋತೀರಾ ಸರ್?" ಹುಡುಗಿ ಕಾಯುತ್ತಿದ್ದಳು.

ಮಾಮ ಪರದೆಗಳ ಸಾಲಿನ ಮೇಲೆ ಕಣ್ಣಾಡಿಸಿದ. ಯಾವ ಕಣ್ಣಿನಿಂದ ನೋಡಿ ಆರಿಸಬೇಕು? ಬಾಳಿನುದ್ದಕ್ಕೂ ನಂಬಿದ್ದ ಕಣ್ಣಿನಿಂದಲೋ, ಮೊನ್ನೆ ಬಂದ ಕಣ್ಣಿನಿಂದಲೋ? ಕೊನೆಗೆ ಹೆಂಡತಿಯೇ ಟಚಿಂಗ್ ಆಗದ ಫೋಟೋ ಹಾಕಿಸಿ, ಸ್ವೆಟರಿನ ತೋಳನ್ನು ಒಂದೊಂದು ಪರದೆಗೆ ಹಿಡಿದು ನೋಡುತ್ತ ಹೋಗಿ, ಒಂದರ ಮುಂದೆ ನಿಂತಳು. "ಇದು. ನನ್ನ ಸ್ವೆಟರ್ ಇದರಲ್ಲಿ ನನ್ನ ಸ್ವೆಟರಿನ ಥರಾನೇ ಇದೆ."

ಹೀಗೆ ಮಾನಿಟರ್ ಬಂತು. ಅಂಗಡಿಯವರು ಬಂದು ಜೇಡದಂಥ ಒಂದು ಯಂತ್ರವನ್ನು ಪರದೆಗೆ ಅಂಟಿಸಿ ಬಣ್ಣ ಅಳೆದು, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದರು. ಮಾಮ ಕಿಟಕಿಯ ಪರದೆ ಎಳೆದು, ಬಲಗಣ್ಣನ್ನೇ ನಂಬಿ, ಒಂದು ಮದುವೆಯ ಆಲ್ಬಂ ಮಾಡಿದ. ಮದುಮಗಳ ಕೆನ್ನೆಗೆ ಅವಳದೇ ಬಿಸುಪು ಬಂತು, ಬಿಸಿಲಲ್ಲಿ ಓಡಾಡುವ ಕೆಲಸದ ಮದುಮಗನ ಕುತ್ತಿಗೆಯ ಮೇಲೆ ಅಂಗಿಯ ಗೆರೆಯೂ ಉಳಿಯಿತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಕೆಲಸ ಮಾಡಿಲ್ಲ ಎನಿಸಿತು ಅವನಿಗೆ. ಹೇಳಿಕೊಳ್ಳಲಿಲ್ಲ, ಆದರೆ ಆ ದಿನ ಮನೆಗೆ ನಡೆದೇ ಹೋದ, ದಾರಿಯಲ್ಲಿ ಸಿಕ್ಕವರ ಮುಖವನ್ನೆಲ್ಲ ನೋಡುತ್ತ.

ಆಲ್ಬಂ ಒಯ್ದವರು ವಾಪಸ್ ಬಂದರು. ಮದುಮಗಳ ಚಿಕ್ಕಮ್ಮ ಅದನ್ನು ಮೇಜಿನ ಮೇಲೆ ದಪ್ಪೆಂದು ಹಾಕಿ, "ಇದು ನಮ್ಮ ಹುಡುಗಿನಾ?" ಎಂದರು.

"ಯಾಕಮ್ಮ, ಹುಡುಗಿ ಇರೋದೇ ಹೀಗಲ್ವಾ?"

"ಇರೋದು ಹೇಗೆ ಅಂತ ನಮಗೆ ಗೊತ್ತಿಲ್ವಾ? ಇರೋ ಹಾಗೆ ನೋಡಕ್ಕೆ ಫೋಟೋ ಯಾಕೆ ಬೇಕು, ಮನೇಲೇ ಇದಾಳಲ್ಲ! ಅವಳ ಅಕ್ಕನ ಮದುವೇಲಿ ಎಷ್ಟು ಚೆನ್ನಾಗಿ ಮಾಡಿದ್ರಿ. ಆ ಹಾಲ್ಬಣ್ಣ ಎಲ್ಲಿ ಹೋಯ್ತು ಮಾಮ?"

ಅವರೊಬ್ಬರಾದರೆ ಹೇಗೋ ಸಮಾಧಾನ ಮಾಡಬಹುದಿತ್ತು. ಅವರ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಯಜಮಾನರು ಬಾಗಿಲು ಹಾಕಿ, ಮಾಮನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೆಟ್ಟ ಮಾತಾಡುವ ಮನುಷ್ಯರಲ್ಲ ಅವರು.

"ಮಾಮ, ನಿಮಗೆ ಬಣ್ಣ ಈಗ ಸರಿಯಾಗಿ ಕಾಣ್ತಿದೆ, ಸಂತೋಷ. ನಾನೇ ಒಪ್ಕೋತೀನಿ, ಮೊದಲಿಂದು ತಪ್ಪೇ ಇರ್ಬೋದು. ಆದ್ರೆ ಜನಕ್ಕೆ ಆ ತಪ್ಪೇ ಬೇಕು. ಹಳೇ ಥರಾನೇ ಮಾಡಿಬಿಡಿ."

"ಹಳೇ ಥರ ಅಂದ್ರೆ ಹೇಗೆ ಯಜಮಾನ್ರೇ?"

"ನೀವೇ ಮಾಡಿದ್ದಲ್ವಾ! ನನ್ನ ಕೇಳಿದ್ರೆ?"

ಕಷ್ಟ ಇದ್ದದ್ದು ಅಲ್ಲೇ. ಅದನ್ನು ಮಾಡಿದವನು ಅವನೇ, ಆದರೆ ಹೇಗೆ ಮಾಡಿದನೆಂಬುದು ಅವನಿಗೇ ಗೊತ್ತಿಲ್ಲ. ಅವನು ಸರಿ ಮಾಡಲು ಹೊರಟು ಆ ತಪ್ಪು ಹುಟ್ಟಿತ್ತು. ಈಗ ತಪ್ಪು ಮಾಡಲು ಹೊರಟರೆ ಅದು ಕೈಗೆ ಬರುತ್ತಿಲ್ಲ. ನೀಲಿ ಸೇರಿಸಿದರೆ ಮುಖ ನೇರಳೆಗೆ ತಿರುಗುತ್ತಿತ್ತು, ಬಿಳುಪು ಏರಿಸಿದರೆ ಸುಣ್ಣ ಬಳಿದಂತಾಗುತ್ತಿತ್ತು. ಹಳೆಯ ಆಲ್ಬಂ ಪಕ್ಕದಲ್ಲಿಟ್ಟುಕೊಂಡು ತನ್ನ ಕೆಲಸವನ್ನೇ ಕಾಪಿ ಹೊಡೆಯಲು ನೋಡಿದ. ಮುಖ ಕೂಡಿದರೆ ಕೈ ಕೂಡುತ್ತಿರಲಿಲ್ಲ, ಕೈ ಕೂಡಿದರೆ ಬಟ್ಟೆ ಹಾಳಾಗುತ್ತಿತ್ತು. ಒಂದು ಫೋಟೋ ಮುಗಿಸುವಷ್ಟರಲ್ಲಿ ಬೆವರಿ ನೀರಾಗುತ್ತಿದ್ದ.

ಕೊನೆಗೆ ಅವನಿಗೆ ಹೊಳೆದದ್ದು ಹೇಳಿಕೊಳ್ಳಲು ನಾಚಿಕೆಯಾಗುವ ಉಪಾಯ. ಒಂದು ಚೂರು ಕಪ್ಪು ಕಾಗದ ಕತ್ತರಿಸಿ, ಆಪರೇಶನ್ ಆದಮೇಲೆ ಡಾಕ್ಟರಮ್ಮ ಬರೆದುಕೊಟ್ಟಿದ್ದ ಕನ್ನಡಕದ ಬಲಗಾಜಿನ ಒಳಗೆ ಸಿಕ್ಕಿಸಿದ. ಎಡಗಣ್ಣೊಂದರಲ್ಲೇ ನೋಡಿದ. ಪರದೆಯ ಮೇಲಿನವರೆಲ್ಲ ಕಾಮಾಲೆ ಹಿಡಿದವರಾದರು. ಕೈ ತಾನಾಗಿಯೇ ಹಳದಿಯನ್ನು ಹಿಂಡಿತು. ಸಂಜೆ ಆಲ್ಬಂ ನೋಡಿದ ಯಜಮಾನರು, "ಹಾಂ! ಇದು ನೋಡಿ ನಮ್ಮ ಮಾಮ!" ಎಂದು ಬೆನ್ನು ತಟ್ಟಿದರು. ಮಾಮ ನಗಲು ನೋಡಿದ. ಬಾಯಿ ಅಗಲವಾಯಿತೇ ಹೊರತು ನಗು ಬರಲಿಲ್ಲ.

ಅಲ್ಲಿಂದಾಚೆಗೆ ಅವನು ಬೆಳಗ್ಗೆ ಕುರ್ಚಿಯಲ್ಲಿ ಕೂತೊಡನೆ ಕಾಗದ ಸಿಕ್ಕಿಸಿಕೊಳ್ಳುತ್ತಿದ್ದ, ಏಳುವಾಗ ತೆಗೆಯುತ್ತಿದ್ದ. ಒಮ್ಮೆ ತೆಗೆಯಲು ಮರೆತು ಮನೆಗೆ ಹೋಗಿ ಊಟಕ್ಕೆ ಕೂತ. ಹೆಂಡತಿ ಕನ್ನಡಕವನ್ನೇ ಕಿತ್ತುಕೊಂಡು ನೋಡಿದಳು. ಅವನು ಬಾಯಿಬಿಡಲೇಬೇಕಾಯಿತು.

"ಒಳ್ಳೆ ಕಣ್ಣಿಗೆ ಬೀಗ ಹಾಕಿ, ಕೆಟ್ಟ ಕಣ್ಣಲ್ಲಿ ದುಡೀತಿದೀರಾ?"

"ಏನು ಮಾಡ್ಲಿ ಹೇಳು. ಒಳ್ಳೆ ಕಣ್ಣಿನ ಕೆಲಸ ಯಾರಿಗೂ ಬೇಡ."

"ಡಾಕ್ಟರಮ್ಮ ಎಡಗಣ್ಣಿಗೆ ಬನ್ನಿ ಅಂದಾಗೆಲ್ಲ ಮುಂದೂಡ್ತಿರೋದು ಇದಕ್ಕಾ?"

ಅವನು ತಟ್ಟೆಯ ಅನ್ನ ಕಲಸತೊಡಗಿದ. ಕನ್ನಡಕದಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಬೆಳಗ್ಗೆ ಅವನು ಅದನ್ನೇ ಎತ್ತಿ ಜೇಬಿಗೆ ಹಾಕಿಕೊಂಡು ಹೋದದ್ದನ್ನು ನೋಡಿಯೂ ನೋಡದವಳಂತೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

ಆದರೆ ಪೊರೆ ಯಾರ ಅನುಕೂಲಕ್ಕೂ ನಿಲ್ಲುವುದಿಲ್ಲ. ಎಡಗಣ್ಣು ದಿನೇದಿನೇ ಮಸುಕಾಯಿತು, ಅದರ ಹಳದಿ ಕಂದಾಗತೊಡಗಿತು. ಅದಕ್ಕೆ ತಕ್ಕಂತೆ ಫೋಟೋಗಳು ಹಾಲಿನಿಂದ ಸೀಸದ ಬಣ್ಣಕ್ಕೆ ಇಳಿದವು. ಹಾಲ್ಬಣ್ಣ ಕೇಳುತ್ತಿದ್ದವರೇ "ಸ್ವಲ್ಪ ಜಾಸ್ತಿ ಆಯ್ತೇನೋ" ಎಂದರು. ಯಜಮಾನರ ಸೊಸೆ ಆಗಾಗ ಬಂದು ಹಿಂದೆ ನಿಂತು ನೋಡಿ ಹೋಗುತ್ತಿದ್ದಳು. ಓದಿಕೊಂಡ ಹುಡುಗಿ, ಸ್ಟುಡಿಯೋದ ಕೆಲಸದಲ್ಲಿ ಮಾವನಿಗೆ ನೆರವಾಗುತ್ತಿದ್ದಳು.

ಒಂದು ಮಧ್ಯಾಹ್ನ ಮಾಮ ಚಹಾ ಕುಡಿಯಲು ಹೊರಟ. ಕನ್ನಡಕದ ಕಾಗದ ಹಾಗೇ ಇತ್ತು. ಮಂಜು ಕಣ್ಣೊಂದರಲ್ಲಿ ಮೆಟ್ಟಿಲು ಲೆಕ್ಕಕ್ಕೆ ಸಿಗಲಿಲ್ಲ. ಮದುಮಕ್ಕಳ ಫೋಟೋಗಳ ಪಕ್ಕದಲ್ಲೇ ಜಾರುತ್ತ ಹೋಗಿ ಔಷಧಿ ಅಂಗಡಿಯ ಬಾಗಿಲಲ್ಲಿ ಬಿದ್ದ. "ಬಿದ್ರೆ ಇಂಥ ಕಡೆ ಬೀಳಬೇಕು ನೋಡು" ಎಂದು ಅಲ್ಲಿನ ಮುದುಕರು ಹಲ್ಲಿಲ್ಲದ ಬಾಯಲ್ಲಿ ನಗುತ್ತ ಪಾದಕ್ಕೆ ಪಟ್ಟಿ ಸುತ್ತಿದರು. ಕಾಲು ಉಳುಕಿದ್ದಷ್ಟೇ. ಆದರೆ ಈ ಸಲ ಹೆಂಡತಿ ಯಾವ ನೆಪವನ್ನೂ ಕೇಳಲಿಲ್ಲ. ಎಡಗಣ್ಣಿನ ಆಪರೇಶನ್ನೂ ಆಗಿಹೋಯಿತು.

ಮತ್ತೆ ಸ್ಟುಡಿಯೋಕ್ಕೆ ಹೋದಾಗ ಯಜಮಾನರ ಸೊಸೆ ಅವನ ಕುರ್ಚಿಯಲ್ಲಿದ್ದಳು. ಅವನನ್ನು ಕಂಡು ಗಡಬಡಿಸಿ ಎದ್ದಳು.

"ಕೂತ್ಕೊಳ್ಳಿ ಮಾಮ. ಒಂದು ತೋರಿಸಬೇಕಿತ್ತು. ಬೇಜಾರು ಮಾಡ್ಕೋಬಾರದು."

"ಏನಮ್ಮ?"

"ನೀವಿಲ್ಲದಾಗ ಕೆಲಸ ನಿಂತುಹೋಗಿತ್ತು. ನಿಮ್ಮ ಹಳೇ ಫೋಟೋಗಳನ್ನೇ ಒಂದಷ್ಟು ಇಟ್ಕೊಂಡು, ಆ ಬಣ್ಣ ತಾನಾಗೇ ಬರೋ ಹಾಗೆ ಕಂಪ್ಯೂಟರಲ್ಲಿ ಇದನ್ನ ಮಾಡಿದೆ." ಅವಳು ಕ್ಯಾಮೆರಾದಿಂದ ಬಂದ ಹಾಗೇ ಇದ್ದ ಒಂದು ಫೋಟೋ ತೆರೆದು, ಪರದೆಯ ಮೂಲೆಯ ಒಂದು ಗುಂಡಿಯ ಮೇಲೆ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಗಿಯೊಬ್ಬಳ ಕೆನ್ನೆಗೆ ಬೆಳದಿಂಗಳು ಇಳಿಯಿತು. ಸೀಸವಲ್ಲ, ನೇರಳೆಯಲ್ಲ. ಜನ ಬಾಯಿ ಚಪ್ಪರಿಸಿ ಕೇಳುತ್ತಿದ್ದ ಅದೇ ಹಾಲ್ಬಣ್ಣ. ಗುಂಡಿಯ ಮೇಲೆ 'ಮಾಮ' ಎಂದು ಬರೆದಿತ್ತು.

"ನಿಮ್ಮ ಹೆಸರೇ ಇಟ್ಟಿದೀನಿ" ಎಂದಳು ಅವಳು, ತಪ್ಪು ಮಾಡಿದವಳಂತೆ.

ಮಾಮ ಮೌಸ್ ಹಿಡಿದು ಇನ್ನೊಂದು ಫೋಟೋ ತೆರೆದು ತಾನೇ ಒತ್ತಿ ನೋಡಿದ. ಇನ್ನೊಂದು. ಮತ್ತೊಂದು. ಎಲ್ಲೂ ತಪ್ಪು ಹುಡುಕಲಾಗಲಿಲ್ಲ. ಎರಡೂ ಕಣ್ಣು ಸರಿಯಾಗಿದ್ದವು, ಮುಂದಿದ್ದ ಮಾನಿಟರ್ ಒಂದಿಷ್ಟೂ ಸುಳ್ಳು ಹೇಳುವಂಥದ್ದಲ್ಲ, ಮತ್ತು ತಾನು ವರ್ಷಗಟ್ಟಲೆ ಮಾಡಿದ್ದು ಎಂಥದ್ದೆಂದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡುವುದು? ಹುಡುಗಿ ಒಳ್ಳೆಯವಳು. ಯಜಮಾನರು ಒಳ್ಳೆಯವರು. ಅವನನ್ನು ಯಾರೂ ಹೋಗೆನ್ನಲಿಲ್ಲ.

"ಚೆನ್ನಾಗಿದೆಯಮ್ಮ" ಎಂದ.

ಅವನಿಗೆ ಉಳಿದದ್ದು ಮೊಡವೆ ತೆಗೆಯುವುದು, ಹಾರಾಡುವ ಕೂದಲು ಕೂಡಿಸುವುದು, ಗುಂಪಿನ ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋದಿಂದ ಕಣ್ಣು ತಂದು ಜೋಡಿಸುವುದು. ಅದೆಲ್ಲ ಮುಗಿದ ಮೇಲೆ ಗುಂಡಿ ಒತ್ತಿ ಕಳಿಸುತ್ತಿದ್ದ.

ಹೀಗಿರುವಾಗ ಅವನ ತಂಗಿ ಬಂದಳು. ಹೊಸ ಮನೆಗೆ ಹೋಗಿದ್ದಳು, ಅಮ್ಮನ ಒಂದು ದೊಡ್ಡ ಫೋಟೋ ಬೇಕಿತ್ತು. ಅಮ್ಮ ಕೊನೆಯ ವರ್ಷಗಳಲ್ಲಿ ಮಾಮನ ಮನೆಯಲ್ಲೇ ಇದ್ದವರು, ಅಲ್ಲೇ ತೀರಿಕೊಂಡವರು. ಅವರು ಕ್ಯಾಮೆರಾ ಎಂದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುವ ಪೈಕಿ. ಸರಿಯಾಗಿ ಬಂದಿದ್ದದ್ದು ಒಂದೇ ಫೋಟೋ, ಮಾಮನೇ ಸ್ಟುಡಿಯೋಕ್ಕೆ ಕರೆತಂದು ತೆಗೆಸಿ, ಟಚಿಂಗ್ ಮಾಡಿದ್ದು.

ಸ್ಟುಡಿಯೋಕ್ಕೆ ರಜೆಯಿದ್ದ ದಿನ ಮೂವರೂ ಹೋಗಿ ಮಾನಿಟರ್ ಮುಂದೆ ಕೂತರು, ಮಾಮ, ಹೆಂಡತಿ, ತಂಗಿ. ಫೋಟೋ ತೆರೆದುಕೊಂಡಿತು. ಅಮ್ಮ ನೀಲಿಗಟ್ಟಿ ಕೂತಿದ್ದರು.

"ಅಯ್ಯೋ, ಇದೇನಣ್ಣ, ಅಮ್ಮ ಹೀಗಿದಾರೆ?" ಎಂದಳು ತಂಗಿ. "ಟಚಿಂಗ್ ಮಾಡದೇ ಇರೋದು ಇಲ್ವಾ?"

ಇರಲಿಲ್ಲ. ಡಿಸ್ಕ್ ತುಂಬಿದಾಗಲೆಲ್ಲ ಸ್ಟುಡಿಯೋದಲ್ಲಿ ಮುಗಿದ ಫೋಟೋ ಉಳಿಸಿಕೊಂಡು ಮೊದಲಿನದನ್ನು ಅಳಿಸಿಹಾಕುವ ರೂಢಿ. ಅಳಿಸಿದವನು ಮಾಮನೇ, ಟಚಿಂಗ್ ಆದದ್ದೇ ಹೆಚ್ಚು ಸರಿ ಎಂದು ನಂಬಿದ್ದ ಕಾಲ ಅದು.

"ಇರು, ಸರಿ ಮಾಡ್ತೀನಿ" ಎಂದ. ನೀಲಿ ಇಳಿಸಿದ. ಕೆಂಪು ಒಂಚೂರು ಏರಿಸಿದ. ಅಮ್ಮನ ಮುಖಕ್ಕೆ ಜೀವ ಬಂದಂತಾಯಿತು. ಕೈ ನಿಂತಿತು. ಎಷ್ಟು ಏರಿಸಬೇಕು?

"ಇನ್ನೂ ಸ್ವಲ್ಪ ಕೆಂಪು" ಎಂದಳು ತಂಗಿ. "ಅಮ್ಮ ಎಣ್ಣೆಗೆಂಪು."

"ಎಲ್ಲಿ ಎಣ್ಣೆಗೆಂಪು? ಅತ್ತೆ ಗೋಧಿ ಬಣ್ಣ. ನಾನು ದಿನಾ ತಲೆ ಬಾಚ್ತಿದ್ನಲ್ಲ" ಎಂದಳು ಹೆಂಡತಿ.

"ನೀವು ನೋಡಿದ್ದು ಕಡೆಗಾಲದಲ್ಲಿ ಅತ್ತಿಗೆ. ಚಿಕ್ಕಂದಿನಿಂದ ನೋಡಿದ್ದು ನಾನು."

"ಫೋಟೋ ತೆಗೆಸಿದ್ದು ಕಡೆಗಾಲದಲ್ಲೇ ಅಲ್ವಾ?"

ಇಬ್ಬರೂ ತಿರುಗಿ ಅವನನ್ನು ನೋಡಿದರು. "ನಿನ್ನ ಜೊತೆಗೇ ಇದ್ರಲ್ಲಣ್ಣ. ನೀನೇ ಹೇಳು."

ಮಾಮ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಅಮ್ಮ ಬಂದರು. ಕಿಟಕಿಯ ಹತ್ತಿರ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಮುಖ ಹಳದಿ, ಕೈ ಹಳದಿ, ಹಿಂದಿನ ಗೋಡೆಯೂ ಹಳದಿ. ಅದಕ್ಕಿಂತ ಹಿಂದಿನದನ್ನು ನೆನೆಯಲು ಹೆಣಗಿದ. ಬರುತ್ತಿದ್ದದ್ದು ಮಾತು, ಕೆಮ್ಮು, ಬೈಗುಳ, ಕೊರಳು ಕೊಂಕಿಸಿ ನೋಡುವ ರೀತಿ. ಬಣ್ಣ ಮಾತ್ರ ಆ ಹಳದಿಯೇ. ಪರದೆಯಲ್ಲಿ ಇದ್ದದ್ದು ಅವನು ಮಾಡಿದ ಅಮ್ಮ, ತಲೆಯಲ್ಲಿ ಇದ್ದದ್ದು ಪೊರೆ ತೋರಿಸಿದ ಅಮ್ಮ. ಇವೆರಡರ ನಡುವೆ ಎಲ್ಲೋ ಅವರು ಇದ್ದರು. ಎಷ್ಟು ದೂರದಲ್ಲಿ ಎಂದು ಅಳೆಯಲು ಜೇಡದಂಥ ಆ ಯಂತ್ರದಿಂದಲೂ ಆಗುವಂತಿರಲಿಲ್ಲ.

"ನೀವಿಬ್ಬರೂ ಸರಿ ಅನ್ನೋ ತನಕ ಮಾಡ್ತೀನಿ" ಎಂದ.

ಕೆಂಪು ಏರಿಸಿದ, ಇಳಿಸಿದ. ತಂಗಿ "ಇದೇ, ಇದೇ" ಎಂದಲ್ಲಿ ಹೆಂಡತಿ ಹುಬ್ಬು ಗಂಟಿಕ್ಕಿದಳು. ಹೆಂಡತಿ ತಲೆಯಾಡಿಸಿದಲ್ಲಿ ತಂಗಿ ಮೂತಿ ತಿರುಗಿಸಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯ ಸಂದಿನಿಂದ ಒಳಗೆ ಬಂದು ಮೇಜಿನ ಮೇಲೆ ಹರಿದಾಡಿ ಆಚೆ ಹೋಯಿತು. ಕೊನೆಗೆ ಹೆಂಡತಿಯೇ ಸೋತಳು. "ಆಯ್ತು ಬಿಡಿ, ಅವರ ಮನೇಲಿ ಹಾಕೋದು. ಅವರಿಗೆ ಕಂಡ ಹಾಗೇ ಇರಲಿ."

ಪ್ರಿಂಟು ಹೊರಗೆ ಬಂತು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿತು. ಆದರೂ ಪೂರ್ತಿ ಧೈರ್ಯ ಸಾಲದೆ ತಿರುಗಿ ಕೇಳಿದಳು:

"ಅಮ್ಮ ಹೀಗೇ ಇದ್ರು, ಅಲ್ವಾಣ್ಣ?"

"ಇರಬೇಕು" ಎಂದ ಮಾಮ.